ಆಲೂಗಡ್ಡೆ ಒಣಪಲ್ಯ: ಮುದ್ದೆಯಾಗದಂತೆ, ಸೀಯದಂತೆ

ಅನ್ನ-ತಿಳಿಸಾರಿಗೆ ನೆಂಚಿಕೊಳ್ಳಲು ಖಾರದ ಆಲೂಗಡ್ಡೆ ಒಣಪಲ್ಯ ಇದ್ದರೆ ಬೇರೇನೂ ಬೇಡ. ಸಾಮಾನು ಕಡಿಮೆ, ಕೆಲಸವೂ ಕಡಿಮೆ. ಆದರೂ ಇದು ಕೆಡುವುದು ಎರಡೇ ರೀತಿಯಲ್ಲಿ: ಒಂದೋ ಹೋಳುಗಳೆಲ್ಲ ಒಂದಕ್ಕೊಂದು ಅಂಟಿ ಮುದ್ದೆ, ಇಲ್ಲವೇ ಮೇಲೆ ಕರಕಲು, ಒಳಗೆ ಹಸಿ. ಎರಡಕ್ಕೂ ಮೂಲ ನೀರು. ಬೇಯುವ ತನಕ ನೀರಿನ ಹಬೆ ಬೇಕು, ಬೆಂದ ಮೇಲೆ ಅದೇ ಹಬೆ ಶತ್ರು.

ನಾಲ್ಕು ಜನಕ್ಕೆ ಅಳತೆ ಹೀಗೆ. ಅರ್ಧ ಕೆಜಿ ಆಲೂಗಡ್ಡೆ, ಅಂದರೆ ಮಧ್ಯಮ ಗಾತ್ರದವು 4 ಅಥವಾ 5. ಎಣ್ಣೆ 3 ದೊಡ್ಡ ಚಮಚ. ಮುಂದಿನದೆಲ್ಲ ಟೀ ಚಮಚದ ಲೆಕ್ಕ: ಸಾಸಿವೆ ಅರ್ಧ, ಉದ್ದಿನಬೇಳೆ 1, ಅರಿಸಿನ ಕಾಲು, ಧನಿಯಾ ಪುಡಿ 1, ಜೀರಿಗೆ ಪುಡಿ ಅರ್ಧ, ಪುಡಿ ಉಪ್ಪು ಮುಕ್ಕಾಲು, ಅಕ್ಕಿಹಿಟ್ಟು 2. ಎರಡು ಚಿಟಿಕೆ ಇಂಗು, ಒಂದು ಎಸಳು ಕರಿಬೇವು. ಅಚ್ಚಖಾರದ ಪುಡಿಗೆ ಮಾತ್ರ ಒಂದೇ ಲೆಕ್ಕ ಹೇಳಲಾಗದು. ಬ್ಯಾಡಗಿ ಪುಡಿಗೆ ಬಣ್ಣ ಜಾಸ್ತಿ, ಖಾರ ಕಡಿಮೆ, ಹಾಗಾಗಿ 2 ಚಮಚ ಹಾಕಿದರೂ ನಡೆಯುತ್ತದೆ. ಗುಂಟೂರು ಮೆಣಸಿನಕಾಯಿಯ ಪುಡಿಯಾದರೆ 1 ಚಮಚವೇ ಸಾಕು.

ಎಣ್ಣೆ 3 ಚಮಚ ಎಂದರೆ ಹೆಚ್ಚಾಯಿತು ಎನಿಸಬಹುದು. ಒಂದು ಚಮಚದಲ್ಲಿ ಮಾಡಿದರೆ ಹೋಳು ತಳಕ್ಕೆ ಹಿಡಿಯುತ್ತದೆ, ಬಿಡಿಸಲು ನೀರು ಚಿಮುಕಿಸಬೇಕಾಗುತ್ತದೆ, ಆಗ ಅದು ಒಣಪಲ್ಯವಲ್ಲ, ಬೇರೆಯದೇ ಪಲ್ಯ.

ಇನ್ನು ಗಡ್ಡೆಯ ಆಯ್ಕೆ. ಕೈಯಲ್ಲಿ ಹಿಡಿದರೆ ಗಟ್ಟಿಯಾಗಿರಬೇಕು, ಮೊಳಕೆ ಇರಬಾರದು. ಸಿಪ್ಪೆ ಹಸಿರಾಗಿದ್ದರೆ ಆ ಗಡ್ಡೆ ಬೇಡವೇ ಬೇಡ. ಬೆಳಕಿಗೆ ಬಿದ್ದು ಹಸಿರಾದ ಗಡ್ಡೆಯಲ್ಲಿ ಸೋಲನೈನ್ ಎಂಬ ಕಹಿ ವಿಷ ಹೆಚ್ಚಿರುತ್ತದೆ, ಬೇಯಿಸಿದರೂ ಅದು ಹೋಗುವುದಿಲ್ಲ. ಈಗಷ್ಟೇ ಕಿತ್ತ, ಉಗುರಲ್ಲಿ ಕೆರೆದರೆ ಸಿಪ್ಪೆ ಸುಲಿದು ಬರುವ ಹೊಸ ಗಡ್ಡೆಯಲ್ಲಿ ನೀರು ಜಾಸ್ತಿ. ಹೋಳು ಒಡೆಯದೆ ನಿಲ್ಲುತ್ತದೆ, ಆದರೆ ಕೆಂಪಾಗಲು ಐದಾರು ನಿಮಿಷ ಹೆಚ್ಚು ಬೇಕು. ಶೀತಲಗೃಹದಿಂದ ಬಂದ ಗಡ್ಡೆಯ ಕಥೆಯೇ ಬೇರೆ. ಚಳಿಯಲ್ಲಿ ಇಟ್ಟಾಗ ಅದರ ಪಿಷ್ಟದಲ್ಲಿ ಸ್ವಲ್ಪ ಭಾಗ ಸಕ್ಕರೆಯಾಗುತ್ತದೆ. ಪಲ್ಯ ಸಿಹಿಸಿಹಿ, ಒಳಗೆ ಬೇಯುವ ಮೊದಲೇ ಹೊರಗೆ ಕಪ್ಪು. ಮನೆಯ ಫ್ರಿಜ್‌ನಲ್ಲಿ ಆಲೂಗಡ್ಡೆ ಇಡಬಾರದು ಎನ್ನುವುದೂ ಇದಕ್ಕೇ. ಅಂಥ ಗಡ್ಡೆಯೇ ಸಿಕ್ಕಿದ್ದರೆ ಉರಿ ಸಣ್ಣಗಿಟ್ಟು ನಿಧಾನಕ್ಕೆ ಮಾಡಬೇಕು.

ಸಿಪ್ಪೆ ತೆಗೆದು ಮುಕ್ಕಾಲು ಅಂಗುಲದ ಹೋಳು ಮಾಡಿ. ಚೌಕ ನೇರವಿಲ್ಲದಿದ್ದರೂ ಚಿಂತೆಯಿಲ್ಲ, ಗಾತ್ರ ಮಾತ್ರ ಒಂದೇ ಇರಲಿ. ಸಣ್ಣವು ಕರಗಿ ದೊಡ್ಡವು ಹಸಿ ಉಳಿಯುವುದು ಇಲ್ಲೇ ಶುರು. ಹೋಳನ್ನು ನೀರಿಗೆ ಹಾಕಿ ಕೈಯಲ್ಲಿ ತಿರುವಿದರೆ ನೀರು ಹಾಲಿನಂತಾಗುತ್ತದೆ. ಅದು ಕತ್ತರಿಸಿದ ಮೈಯಿಂದ ಬಿಟ್ಟ ಪಿಷ್ಟ. ಬಾಣಲೆಯಲ್ಲಿ ಅಂಟಿನ ಕೆಲಸ ಮಾಡುವುದು ಇದೇ. ನೀರು ತಿಳಿಯಾಗುವ ತನಕ ಎರಡು-ಮೂರು ಸಲ ತೊಳೆದು, ಬಸಿದು, ಹತ್ತಿ ಬಟ್ಟೆಯ ಮೇಲೆ ಹರಡಿ ಒರೆಸಿ. ಒರೆಸುವುದನ್ನು ಬಿಟ್ಟರೆ ತೊಳೆದದ್ದೂ ವ್ಯರ್ಥ.

ಬಾಣಲೆ ಅಗಲವಾಗಿರಬೇಕು, ದಪ್ಪ ತಳದ್ದಾಗಿರಬೇಕು. ಪಳಗಿದ ಕಬ್ಬಿಣದ ಬಾಣಲೆ ಇದ್ದರೆ ಅದಕ್ಕಿಂತ ಒಳ್ಳೆಯದಿಲ್ಲ. ಹೋಳುಗಳು ಒಂದೇ ಪದರದಲ್ಲಿ ಕೂರಬೇಕು. ಒಂದರ ಮೇಲೊಂದು ರಾಶಿ ಬಿದ್ದರೆ ಕೆಳಗಿನವು ಹುರಿಯುತ್ತವೆ, ಮೇಲಿನವು ಹಬೆಯಲ್ಲಿ ಬೇಯುತ್ತವೆ. ಒಂದು ಕೆಜಿ ಮಾಡುವುದಿದ್ದರೆ ಎರಡು ಕಂತಿನಲ್ಲಿ ಮಾಡಿ.

ಬಾಣಲೆ ಕಾದ ಮೇಲೆ ಎಣ್ಣೆ, ಎಣ್ಣೆ ಕಾದ ಮೇಲೆ ಸಾಸಿವೆ. ಸಾಸಿವೆ ಸಿಡಿದು ಸುಮ್ಮನಾಗುತ್ತಿರುವಾಗ ಉದ್ದಿನಬೇಳೆ; ಅದು ಹೊಂಬಣ್ಣಕ್ಕೆ ತಿರುಗಿದ ಕೂಡಲೇ ಇಂಗು, ಕರಿಬೇವು, ಅರಿಸಿನ, ಹಿಂದೆಯೇ ಆಲೂಗಡ್ಡೆ. ಬೇಳೆ ಪೂರ್ತಿ ಕೆಂಪಾಗುವ ತನಕ ಕಾಯಬೇಡಿ, ಅದು ಮುಂದೆ ಇನ್ನೂ 20 ನಿಮಿಷ ಬಾಣಲೆಯಲ್ಲೇ ಇರುತ್ತದೆ.

ಉರಿ ಮಧ್ಯಮ. ಎಣ್ಣೆ ಎಲ್ಲ ಹೋಳಿಗೂ ಹತ್ತುವಂತೆ ಒಮ್ಮೆ ಮಗುಚಿ, ಎರಡು ನಿಮಿಷ ಮುಟ್ಟದೆ ಬಿಡಿ. ಆಮೇಲೆ ಉರಿ ತಗ್ಗಿಸಿ, ಉಪ್ಪಿನಲ್ಲಿ ಅರ್ಧ ಮಾತ್ರ ಉದುರಿಸಿ, ಮುಚ್ಚಳ ಹಾಕಿ. ಪೂರ್ತಿ ಉಪ್ಪು ಈಗಲೇ ಬಿದ್ದರೆ ಗಡ್ಡೆ ಹೆಚ್ಚು ನೀರು ಬಿಡುತ್ತದೆ. 7-8 ನಿಮಿಷ ಸಾಕು. ನಡುವೆ ಎರಡು ಸಲ ಮಗುಚಿದರಾಯಿತು. ಮುಚ್ಚಳ ತೆಗೆಯುವಾಗ ಅದರ ಒಳಮೈಗೆ ಕಟ್ಟಿದ ನೀರು ಬಾಣಲೆಗೆ ಸುರಿಯದಂತೆ ಪಕ್ಕಕ್ಕೆ ವಾಲಿಸಿ ಎತ್ತಿ. ಸಣ್ಣ ವಿಷಯ, ಆದರೆ ಆ ಎರಡು ಚಮಚ ನೀರು ಎಣ್ಣೆಗೆ ಬಿದ್ದರೆ ಮತ್ತೆ ಐದು ನಿಮಿಷ ಹಿಂದಕ್ಕೆ ಹೋದಂತೆ.

ಸಟ್ಟುಗದ ಅಂಚಿನಿಂದ ಒಂದು ಹೋಳು ಒತ್ತಿ ನೋಡಿ. ಕೊಂಚ ಬಿಗಿ ತೋರಿಸಿ ಎರಡಾದರೆ ಹದ. ತಾನಾಗಿಯೇ ನುಗ್ಗಾದರೆ ಮೀರಿದೆ, ಮುಂದೆ ಮಗುಚುವುದನ್ನು ಕಡಿಮೆ ಮಾಡಿ. ಈಗಿನಿಂದ ಮುಚ್ಚಳ ಬೇಡ. ಉರಿ ಮಧ್ಯಮಕ್ಕೆ ಏರಿಸಿ 8-10 ನಿಮಿಷ ಹುರಿಯಿರಿ. ಎರಡು ನಿಮಿಷಕ್ಕೊಮ್ಮೆ, ತಳದಿಂದ ಎತ್ತಿ ಮಗುಚಬೇಕು. ಸುಮ್ಮನೆ ಕೆದಕುತ್ತಿದ್ದರೆ ಅಂಚು ಉದುರಿ ಹಿಟ್ಟಾಗುತ್ತದೆ, ಯಾವ ಮೈಯೂ ಕೆಂಪಾಗುವುದಿಲ್ಲ. ಸದ್ದನ್ನು ಕೇಳಿಸಿಕೊಳ್ಳಿ. ನೀರಿರುವಾಗ ಜೋರಾಗಿ ಚುರುಗುಟ್ಟುತ್ತದೆ, ನೀರಾರಿದಂತೆ ಸದ್ದು ಸಣ್ಣಗಾಗುತ್ತದೆ.

ಸದ್ದು ಇಳಿದಾಗ ಉರಿ ಪೂರ್ತಿ ಸಣ್ಣ ಮಾಡಿ ಖಾರದ ಪುಡಿ, ಧನಿಯಾ, ಜೀರಿಗೆ, ಉಳಿದ ಉಪ್ಪು, ಅಕ್ಕಿಹಿಟ್ಟು ಒಟ್ಟಿಗೆ ಕಲಸಿಟ್ಟದ್ದನ್ನು ಎಲ್ಲ ಕಡೆ ಉದುರಿಸಿ. ಒಂದೇ ಜಾಗಕ್ಕೆ ಸುರಿದರೆ ಅಲ್ಲೇ ಸೀದು ಘಾಟು ಏಳುತ್ತದೆ, ಸೀದ ಖಾರದ ಕಹಿಯನ್ನು ಯಾವುದೂ ಮುಚ್ಚುವುದಿಲ್ಲ. ಅಕ್ಕಿಹಿಟ್ಟು ಉಳಿದ ತೇವ ಹೀರಿ ಮಸಾಲೆಯನ್ನು ಹೋಳಿಗೆ ಹಿಡಿಸುತ್ತದೆ. ಹಿಟ್ಟಿನ ಹಸಿ ವಾಸನೆ ಹೋಗಲು ಮೂರು-ನಾಲ್ಕು ನಿಮಿಷ. ಪುಡಿಗಳ ಬದಲು ಮನೆಯ ಸಾರಿನ ಪುಡಿ 2 ಚಮಚ ಹಾಕಿದರೂ ಚೆನ್ನ. ಅದರ ಸಾಮಾನು ಮೊದಲೇ ಹುರಿದದ್ದಾದ್ದರಿಂದ ಒಂದೂವರೆ ನಿಮಿಷಕ್ಕೆ ಇಳಿಸಿಬಿಡಬೇಕು.

ಹುಳಿ ಬೇಕೆನ್ನುವವರು ಒಲೆ ಆರಿಸಿದ ಮೇಲೆ ನಿಂಬೆರಸ ಹಿಂಡಿ ಅಥವಾ ಅರ್ಧ ಚಮಚ ಆಮ್ಚೂರ್ ಉದುರಿಸಿ. ಹುಣಸೆ, ಟೊಮೆಟೊ ಮೊದಲೇ ಬಿದ್ದರೆ ಹುಳಿಗೆ ಗಡ್ಡೆ ಬಿಗಿದುಕೊಳ್ಳುತ್ತದೆ, ಎಷ್ಟು ಹೊತ್ತು ಇಟ್ಟರೂ ಒಳಗೆ ಕಟಕಟ.

ಮಾಡಿದ ಪಲ್ಯವನ್ನು ಬಿಸಿಯಿರುವಾಗ ಡಬ್ಬಿಗೆ ಹಾಕಿ ಮುಚ್ಚಬೇಡಿ. ಊಟದ ಡಬ್ಬಿಗೆ ಹಾಕುವುದಿದ್ದರೆ ತಟ್ಟೆಯಲ್ಲಿ ಹರಡಿ ಹತ್ತು ನಿಮಿಷ ಆರಿಸಿ. ಮೆತ್ತಗಾಗಿದ್ದನ್ನು ಮತ್ತೆ ಬಿಸಿ ಮಾಡಲು ದೋಸೆ ಹಂಚು ಸರಿ: ಎಣ್ಣೆಯಿಲ್ಲದೆ, ಮುಚ್ಚದೆ, ಸಣ್ಣ ಉರಿಯಲ್ಲಿ ನಾಲ್ಕು ನಿಮಿಷ.