ಮೋಡದೊಳಗೆ ಮಾಪಕ ಕೈಕೊಟ್ಟಾಗ: ಸಾಂಬ್ರಾದಿಂದ ಸಣ್ಣ ವಿಮಾನ ಹಾರಿಸುವವರಿಗೆ

ಬೆಳಗಾವಿಯ ಸಾಂಬ್ರಾ ರನ್‌ವೇ ಸಮುದ್ರಮಟ್ಟದಿಂದ ಸುಮಾರು 2,500 ಅಡಿ ಎತ್ತರದಲ್ಲಿದೆ. ಆದ್ದರಿಂದ ಸಮುದ್ರಮಟ್ಟದಿಂದ ಎತ್ತರ ಹೇಳುವ ಆಲ್ಟಿಮೀಟರ್ 3,500 ಅಡಿ ತೋರಿಸುವಾಗ ಅಲ್ಲಿ ನಿಮ್ಮ ಕೆಳಗೆ ಉಳಿದಿರುವುದು ಸಾವಿರ ಅಡಿ ಮಾತ್ರ. ಮಳೆಗಾಲದಲ್ಲಿ ಖಾನಾಪುರದ ಕಡೆಯಿಂದ ಮೋಡ ತಗ್ಗಿಬಂದಾಗ ಒಂದು ಮಾಪಕ ಕೆಟ್ಟರೆ ಯೋಚಿಸಲು ಸಿಗುವ ಸಮಯ ಬಹಳ ಕಡಿಮೆ. ಈ ಬರಹ ಸೆಸ್ನಾ 172ರಂಥ, ದುಂಡು ಡಯಲ್‌ಗಳುಳ್ಳ ವಿಮಾನವನ್ನು ಹಾರಿಸುವ, ಮಾಪಕಗಳನ್ನೇ ನಂಬಿ ಹಾರುವ ತರಬೇತಿ ಪಡೆದವರಿಗೆ. ಆ ತರಬೇತಿ ಇಲ್ಲದವರು ಮೋಡದ ಹತ್ತಿರವೂ ಸುಳಿಯಬಾರದು.

ಯಾವ ಮಾಪಕ ಯಾವುದರಿಂದ ನಡೆಯುತ್ತದೆ ಎಂಬುದು ಹಾರುವ ಮೊದಲೇ ಬಾಯಿಪಾಠವಾಗಿರಬೇಕು. ಸಾಮಾನ್ಯವಾಗಿ ಆಟಿಟ್ಯೂಡ್ (ವಿಮಾನದ ವಾಲಿಕೆ, ಮೂತಿಯ ಏರಿಳಿತ ತೋರಿಸುವ) ಮತ್ತು ಹೆಡಿಂಗ್ (ದಿಕ್ಕು ತೋರಿಸುವ) ಇಂಡಿಕೇಟರ್‌ಗಳು ಗಾಳಿ ಹೀರುವ ವ್ಯಾಕ್ಯೂಮ್ ಪಂಪಿನಿಂದಲೂ, ತಿರುಗುವಿಕೆ ತೋರಿಸುವ ಟರ್ನ್ ಕೋಆರ್ಡಿನೇಟರ್ ವಿದ್ಯುತ್ತಿನಿಂದಲೂ, ಆಲ್ಟಿಮೀಟರ್, ವರ್ಟಿಕಲ್ ಸ್ಪೀಡ್ (ಏರುವ, ಇಳಿಯುವ ವೇಗ) ಹಾಗೂ ಏರ್‌ಸ್ಪೀಡ್ ಇಂಡಿಕೇಟರ್‌ಗಳು ಹೊರಗಿನ ಗಾಳಿಯ ಒತ್ತಡದಿಂದಲೂ ನಡೆಯುತ್ತವೆ. ನಿಮ್ಮ ವಿಮಾನದಲ್ಲಿ ಹೇಗಿದೆಯೆಂಬುದನ್ನು ಅದರ ಕೈಪಿಡಿಯಲ್ಲಿ ನೋಡಿಕೊಳ್ಳಿ. ಒಂದೇ ಮನೆಯ ಇಬ್ಬರು ಹೇಳುವ ಸಾಕ್ಷಿಗೆ ಹೇಗೆ ತೂಕ ಕಡಿಮೆಯೋ ಹಾಗೆಯೇ ಒಂದೇ ಮೂಲದ ಎರಡು ಮಾಪಕಗಳ ಒಪ್ಪಿಗೆಗೂ ತೂಕ ಕಡಿಮೆ. ಬೇರೆ ಬೇರೆ ಮೂಲದ ಎರಡು ಮಾಪಕಗಳು ಒಂದೇ ಮಾತು ಹೇಳಿದರೆ ಅದನ್ನು ನಂಬಿ.

ವ್ಯಾಕ್ಯೂಮ್ ಪಂಪ್ ಕೆಡುವುದೇ ಎಲ್ಲಕ್ಕಿಂತ ಮೋಸದ ಸಂಗತಿ, ಏಕೆಂದರೆ ಪಂಪ್ ನಿಂತರೂ ಮಾಪಕದೊಳಗೆ ಗಿರಗಿರ ತಿರುಗುವ ಚಕ್ರವಾದ ಗೈರೋ ತಕ್ಷಣ ನಿಲ್ಲದೆ ನಿಮಿಷಗಟ್ಟಲೆ ನಿಧಾನವಾಗುತ್ತ ಹೋಗುತ್ತದೆ, ಆಟಿಟ್ಯೂಡ್ ಇಂಡಿಕೇಟರಿನ ದಿಗಂತರೇಖೆ ಕಣ್ಣಿಗೆ ತಿಳಿಯದಷ್ಟು ಮೆಲ್ಲಗೆ ವಾಲುತ್ತದೆ, ಪೈಲಟ್ ಅದನ್ನು ಸರಿಪಡಿಸುತ್ತಿದ್ದೇನೆಂದುಕೊಂಡು ನೆಟ್ಟಗಿದ್ದ ವಿಮಾನವನ್ನೇ ವಾಲಿಸುತ್ತಾನೆ. ಉದಾಹರಣೆಗೆ, ಆಟಿಟ್ಯೂಡ್ ಇಂಡಿಕೇಟರ್ ಎಡಕ್ಕೆ ಹತ್ತು ಡಿಗ್ರಿ ವಾಲಿದೆ ಎನ್ನುತ್ತಿದೆ, ಆದರೆ ಟರ್ನ್ ಕೋಆರ್ಡಿನೇಟರಿನ ಪುಟ್ಟ ರೆಕ್ಕೆಗಳು ಸಮವಾಗಿವೆ, ಕಾಂತೀಯ ದಿಕ್ಸೂಚಿಯೂ ಕದಲುತ್ತಿಲ್ಲ ಎಂದಿಟ್ಟುಕೊಳ್ಳಿ. ಆಗ ಕಂಟ್ರೋಲ್ ವೀಲನ್ನು ತಿರುಗಿಸದೆ ಪಂಪಿನ ಹೀರುವಿಕೆ ತೋರಿಸುವ ಸಕ್ಷನ್ ಗೇಜ್ ನೋಡಿ. ಮುಳ್ಳು ಹಸಿರು ಪಟ್ಟಿಗಿಂತ ಕೆಳಗಿದ್ದರೆ ಉತ್ತರ ಸಿಕ್ಕಿತು. ಆಟೋಪೈಲಟ್ ಹಾಕಿದ್ದರೆ ತೆಗೆಯಿರಿ, ಏಕೆಂದರೆ ಕೆಲವು ಆಟೋಪೈಲಟ್‌ಗಳು ಕೆಟ್ಟ ಗೈರೋದ ಮಾತನ್ನೇ ಕೇಳುತ್ತವೆ. ನಂತರ ಪಂಪಿನಿಂದ ನಡೆಯುವ ಎರಡೂ ಮಾಪಕಗಳನ್ನು ಕಾಗದದಿಂದಲೋ ರಬ್ಬರ್ ಬಿಲ್ಲೆಯಿಂದಲೋ ಮುಚ್ಚಿ. ಇದು ಮಕ್ಕಳಾಟವೆಂದು ನಗುವವರಿದ್ದಾರೆ. ಆದರೆ ಮುಚ್ಚದ ಮಾಪಕದತ್ತ ಕಣ್ಣು ಅಭ್ಯಾಸಬಲದಿಂದ ಹೋಗಿಯೇ ಹೋಗುತ್ತದೆ.

ಇನ್ನು ಮುಂದೆ ರೆಕ್ಕೆ ಸಮವಾಗಿಡಲು ಟರ್ನ್ ಕೋಆರ್ಡಿನೇಟರ್, ಮೂತಿಯ ಏರಿಳಿತ ತಿಳಿಯಲು ಆಲ್ಟಿಮೀಟರ್ ಮತ್ತು ಏರ್‌ಸ್ಪೀಡ್. ಕಂಟ್ರೋಲ್ ವೀಲಿನ ಮೇಲೆ ಒತ್ತಡ ಬೆರಳ ತುದಿಯದಷ್ಟೇ ಇರಲಿ. ತಿರುಗಬೇಕಾದರೆ ಗಡಿಯಾರ ನೋಡಿ ತಿರುಗಿ: ತಿರುಗುವ ಪ್ರಮಾಣಿತ ವೇಗ, ಅಂದರೆ ಸ್ಟ್ಯಾಂಡರ್ಡ್ ರೇಟ್, ಸೆಕೆಂಡಿಗೆ 3 ಡಿಗ್ರಿಯಾದ್ದರಿಂದ 90 ಡಿಗ್ರಿಗೆ 30 ಸೆಕೆಂಡ್, ಹಿಂದಿರುಗಲು ಒಂದು ನಿಮಿಷ. ತಿರುಗುತ್ತಿರುವಾಗ ದಿಕ್ಸೂಚಿಯನ್ನು ನಂಬಬೇಡಿ, ಅದು ಉತ್ತರದ ಕಡೆ ಹಿಂದುಳಿಯುತ್ತದೆ, ದಕ್ಷಿಣದ ಕಡೆ ಮುಂದೋಡುತ್ತದೆ. ರೆಕ್ಕೆ ಸಮವಾಗಿ, ವೇಗ ಸ್ಥಿರವಾದ ಮೇಲೆ ಓದಿ.

ವೇಗ ಅಳೆಯಲು ಎದುರುಗಾಳಿಯನ್ನು ಒಳಬಿಡುವ ಕೊಳವೆಯಾದ ಪಿಟೋ ಟ್ಯೂಬಿನ ವಿಷಯದಲ್ಲಿ ವಿದೇಶಿ ಪುಸ್ತಕಗಳು ಹಿಮದ ಬಗ್ಗೆಯೇ ಹೆಚ್ಚು ಬರೆಯುತ್ತವೆ. ನಮ್ಮ ಮಳೆಗಾಲದಲ್ಲಿ ನೀರು ಹೆಪ್ಪುಗಟ್ಟುವ ಮಟ್ಟ ಸಣ್ಣ ವಿಮಾನ ಸಾಮಾನ್ಯವಾಗಿ ಹಾರುವ ಎತ್ತರಕ್ಕಿಂತ ಬಹಳ ಮೇಲಿರುವುದರಿಂದ ಇಲ್ಲಿ ನೋಡಬೇಕಾದದ್ದು ಕಣಜದ ಮಣ್ಣಿನ ಗೂಡು ಮತ್ತು ಮಳೆನೀರು. ಟ್ಯೂಬಿನ ಬಾಯಿಯೂ ನೀರು ಇಳಿಯುವ ರಂಧ್ರವೂ ಮುಚ್ಚಿಕೊಂಡರೆ ವಿಮಾನ ಏರುತ್ತಿದ್ದಂತೆ ವೇಗದ ಮುಳ್ಳೂ ಏರುತ್ತದೆ; ವೇಗ ಹೆಚ್ಚಾಯಿತೆಂದು ಮೂತಿ ಎತ್ತಿದವನು ಸ್ಟಾಲ್‌ಗೆ, ಅಂದರೆ ರೆಕ್ಕೆಗಳು ವಿಮಾನವನ್ನು ಎತ್ತಿಹಿಡಿಯದ ಸ್ಥಿತಿಗೆ, ಹೋಗುತ್ತಾನೆ. ಆಗ ಆ ಮುಳ್ಳನ್ನು ಬಿಟ್ಟು, ಆಟಿಟ್ಯೂಡ್ ಇಂಡಿಕೇಟರಿನಲ್ಲಿ ಮೂತಿಯನ್ನು ಪರಿಚಿತ ಸ್ಥಾನದಲ್ಲಿಟ್ಟು, ಗೊತ್ತಿರುವ ಆರ್‌ಪಿಎಂ ಕೊಡಿ. ಹೊರಗಿನ ಗಾಳಿಯ ಒತ್ತಡ ಒಳಬರುವ ರಂಧ್ರವಾದ ಸ್ಟ್ಯಾಟಿಕ್ ಪೋರ್ಟ್ ಮುಚ್ಚಿದರೆ ಆಲ್ಟಿಮೀಟರ್ ನಿಂತಲ್ಲೇ ನಿಲ್ಲುತ್ತದೆ. ಅದರ ಬದಲಿಯಾದ ಆಲ್ಟರ್ನೇಟ್ ಸ್ಟ್ಯಾಟಿಕ್ ತೆರೆಯಿರಿ, ಆದರೆ ಆಮೇಲೆ ಆಲ್ಟಿಮೀಟರ್ ಸಾಮಾನ್ಯವಾಗಿ ನಿಜಕ್ಕಿಂತ ತುಸು ಹೆಚ್ಚು ಎತ್ತರ ತೋರಿಸುತ್ತದೆ ಎಂಬುದು ನೆನಪಿರಲಿ.

ಎಂಜಿನ್ನಿನಿಂದ ವಿದ್ಯುತ್ ಉತ್ಪಾದಿಸುವ ಆಲ್ಟರ್ನೇಟರ್ ಕೆಟ್ಟರೆ ಬೇಡದ ಸ್ವಿಚ್‌ಗಳನ್ನೆಲ್ಲ ಆರಿಸಿ ಬ್ಯಾಟರಿಯನ್ನು ರೇಡಿಯೋಗೆ ಉಳಿಸಿ.

ವಿಮಾನ ಕೈಗೆ ಬಂದ ಕೂಡಲೇ ಸಂಕೋಚಪಡದೆ ಟವರಿಗೆ 'ಪ್ಯಾನ್ ಪ್ಯಾನ್' (ತುರ್ತಿನ ಕರೆ) ಎಂದು ಮೂರು ಸಲ ಕರೆದು, ಯಾವ ಮಾಪಕ ಹೋಗಿದೆ, ಮೋಡದೊಳಗಿದ್ದೀರೋ, ಇಂಧನ ಎಷ್ಟಿದೆ ಎಂಬುದನ್ನು ಹೇಳಿ. ಹಿಡಿತ ತಪ್ಪುತ್ತಿದ್ದರೆ 'ಮೇಡೇ' (ಪ್ರಾಣಾಪಾಯದ ಕರೆ) ಎನ್ನಿ, ಟ್ರಾನ್ಸ್‌ಪಾಂಡರಿನಲ್ಲಿ (ರೇಡಾರಿಗೆ ವಿಮಾನದ ಗುರುತು ಕಳಿಸುವ ಸಾಧನ) ತುರ್ತಿನ ಸಂಕೇತವಾದ 7700 ಹಾಕಿ. ಸುರಕ್ಷಿತ ಎತ್ತರಕ್ಕಿಂತ ಕೆಳಗಿಳಿದು ನೆಲ ಹುಡುಕಬೇಡಿ. ಸಾಂಬ್ರಾದ ಪಶ್ಚಿಮಕ್ಕೆ ಸಹ್ಯಾದ್ರಿಯಿದೆ; ಬೈಲಹೊಂಗಲ, ಸವದತ್ತಿ ದಾಟಿ ಬಾಗಲಕೋಟೆಯ ಕಡೆ ಮಳೆಯೂ ಮೋಡವೂ ಸಾಮಾನ್ಯವಾಗಿ ತೆಳುವಾಗುತ್ತವೆ. ಆದ್ದರಿಂದ ಅಂದಿನ ಹವಾಮಾನ ವರದಿ ಬೇರೆ ಹೇಳದಿದ್ದರೆ ಪೂರ್ವಕ್ಕೆ ಹೋಗಲು ಅನುಮತಿ ಕೇಳುವುದೇ ಮೇಲು.

ಇಳಿದ ಮೇಲೆ ಗೇಜಿನ ಮುಳ್ಳು ಎಲ್ಲಿತ್ತು, ಯಾವ ಮಾಪಕ ಮೊದಲು ತಪ್ಪಿತು ಎಂಬುದನ್ನು ವಿಮಾನದ ದೋಷ ದಾಖಲೆಯಾದ ಟೆಕ್ ಲಾಗ್‌ನಲ್ಲಿ ಬರೆದು, ಎಂಜಿನಿಯರ್ ಸಹಿ ಹಾಕುವವರೆಗೆ ಆ ವಿಮಾನವನ್ನು ಯಾರೂ ಹಾರಿಸದಂತೆ ನೋಡಿಕೊಳ್ಳಿ.