ಗುಂಡನ ಹಾಟ್‌ಸ್ಪಾಟ್ ಒಣಗಿಸಿದ ಬಗೆ

ಆ ರಾತ್ರಿ ಮಲಗುವ ಮುನ್ನ ಗುಂಡ ಬಾಲದ ಬುಡವನ್ನು ಮುಂಬಲ್ಲುಗಳಿಂದ ಕಟಕಟನೆ ಕಚ್ಚಿಕೊಳ್ಳುತ್ತಿದ್ದುದನ್ನು ನಾನು ನೋಡಿದ್ದೆ. ನಾಯಿಗೆ ನವೆಯಾಗುವುದೇನೂ ಹೊಸದಲ್ಲವೆಂದುಕೊಂಡು ದೀಪ ಆರಿಸಿ ಮಲಗಿದೆ. ಬೆಳಿಗ್ಗೆ ಎಂದಿನಂತೆ ಬೆನ್ನು ಸವರಿದಾಗ ಕೈಗೆ ಅಂಟಂಟಾಗಿ ಏನೋ ತಾಕಿತು; ಏಳು ವರ್ಷಗಳಲ್ಲಿ ಒಮ್ಮೆಯೂ ನನ್ನ ಮೇಲೆ ಗುರುಗುಟ್ಟದ ನಾಯಿ ಅಂದು ಗುರ್ರೆಂದು ಸರಿದು ನಿಂತಿತು. ಅಮ್ಮ ಅವನ ತಲೆಯನ್ನು ಹಿಡಿದುಕೊಂಡ ಮೇಲೆ ಕೂದಲು ಸರಿಸಿ ನೋಡಿದೆ. ಸೊಂಟದ ಬಲಕ್ಕೆ, ಬಾಲದಿಂದ ನಾಲ್ಕು ಬೆರಳು ಮೇಲೆ, ನಾಣ್ಯದಗಲದ ಚರ್ಮ ಮೇಲ್ಪದರ ಕಳೆದುಕೊಂಡು ಕೆಂಪಗೆ ಹೊಳೆಯುತ್ತಿತ್ತು; ಸುತ್ತಲಿನ ಕೂದಲು ಹಳದಿ ರಸಿಗೆಯಲ್ಲಿ ನೆನೆದು ಚಾಪೆಯಂತೆ ಹೆಣೆದುಕೊಂಡಿತ್ತು.

ನಾನು ಮಾಡಿದ ಮೊದಲ ಕೆಲಸವೇ ತಪ್ಪಾಗಿತ್ತು. ಮನೆಯಲ್ಲಿದ್ದ ಆಂಟಿಸೆಪ್ಟಿಕ್ ಮುಲಾಮನ್ನು ಧಾರಾಳವಾಗಿ ತೆಗೆದು ಆ ಕೂದಲಿನ ಮೇಲೆಯೇ ಬಳಿದೆ. ಮುಲಾಮು ಗಾಯವನ್ನು ತಲುಪುವ ಬದಲು ಕೂದಲಿಗೆ ಅಂಟಿಕೊಂಡು, ಒಳಗಿನ ತೇವ ಆರದಂತೆ ಮುಚ್ಚಳ ಹಾಕಿದ ಹಾಗಾಯಿತು. ಗುಂಡನಿಗಂತೂ ನೆಕ್ಕಲು ಇನ್ನೊಂದು ಕಾರಣ ಸಿಕ್ಕಿತು. ಸಂಜೆಯ ಹೊತ್ತಿಗೆ ನಾಣ್ಯದಷ್ಟಿದ್ದ ಗಾಯ ಅಂಗೈಯಗಲವಾಗಿತ್ತು. ಜಿಂಕ್ ಆಕ್ಸೈಡ್ ಇರುವ ಮುಲಾಮುಗಳು ನಾಯಿಯ ಹೊಟ್ಟೆಗೆ ಹೋದರೆ ವಿಷವಾಗಬಲ್ಲವು ಎಂಬುದು ನನಗೆ ಆಗ ತಿಳಿದಿರಲಿಲ್ಲ. ನಾನು ಬಳಿದದ್ದರಲ್ಲಿ ಅದು ಇರಲಿಲ್ಲವೆಂಬುದು ಅದೃಷ್ಟವೇ ಹೊರತು ನನ್ನ ಜಾಣತನವಲ್ಲ.

ಪಶುವೈದ್ಯರು ನೋಡಿದ ಕೂಡಲೇ ಇದು ಹಾಟ್‌ಸ್ಪಾಟ್ ಎಂದರು. ಪುಸ್ತಕದ ಭಾಷೆಯಲ್ಲಿ ಇದನ್ನು ಅಕ್ಯೂಟ್ ಮಾಯಿಸ್ಟ್ ಡರ್ಮಟೈಟಿಸ್, ಅಂದರೆ ತಟ್ಟನೆ ಹುಟ್ಟಿ ಒದ್ದೆಯಾಗಿಯೇ ಉಳಿಯುವ ಚರ್ಮದ ಉರಿಯೂತ ಎನ್ನುತ್ತಾರೆ. ಈ ಗಾಯವನ್ನು ಬಹುಪಾಲು ನಾಯಿಯೇ ಮಾಡಿಕೊಳ್ಳುತ್ತದೆ. ಎಲ್ಲೋ ಒಂದು ಕಡೆ ನವೆ ಶುರುವಾಗುತ್ತದೆ, ನಾಯಿ ಕಚ್ಚಿ ನೆಕ್ಕಿ ಆ ಜಾಗವನ್ನು ತರಚುತ್ತದೆ. ತರಚಿದ ಚರ್ಮ ಒಸರುತ್ತದೆ, ಒಸರಿದ ತೇವದಲ್ಲಿ ಚರ್ಮದ ಮೇಲೆ ಮೊದಲೇ ಇರುವ ಸ್ಟ್ಯಾಫಿಲೊಕಾಕಸ್ ಜಾತಿಯ ಬ್ಯಾಕ್ಟೀರಿಯಾ ಹೆಚ್ಚುತ್ತವೆ, ಅವುಗಳಿಂದ ಉರಿ ಮತ್ತು ನವೆ ಇಮ್ಮಡಿಯಾಗಿ ನಾಯಿ ಇನ್ನೂ ಜೋರಾಗಿ ನೆಕ್ಕುತ್ತದೆ. ಗಂಟೆಗಳ ಲೆಕ್ಕದಲ್ಲಿ ಗಾಯ ಹರಡುವುದು ಈ ಸುತ್ತಿನಿಂದಲೇ. ಗೋಲ್ಡನ್ ರಿಟ್ರೀವರ್, ಜರ್ಮನ್ ಶೆಫರ್ಡ್, ಸೇಂಟ್ ಬರ್ನಾರ್ಡ್‌ಗಳಂಥ ದಟ್ಟ ಕೂದಲಿನ ತಳಿಗಳಲ್ಲಿ ಇದು ಹೆಚ್ಚು. ಗುಂಡನ ತಾಯಿ ರಿಟ್ರೀವರ್; ತಂದೆ ಯಾರೆಂದು ಯಾರಿಗೂ ಗೊತ್ತಿಲ್ಲ.

ಅವನು ಮುಟ್ಟಲು ಬಿಡದಿದ್ದುದರಿಂದ ಮಂಪರು ಬರುವ ಸಣ್ಣ ಇಂಜೆಕ್ಷನ್ ಕೊಟ್ಟು ಕ್ಲಿಪ್ಪರ್ ಹಿಡಿದರು. ಕತ್ತರಿಯಿಂದ ಮನೆಯಲ್ಲೇ ಕೂದಲು ತೆಗೆಯಬಹುದಿತ್ತೇ ಎಂದು ಕೇಳಿದ್ದಕ್ಕೆ, ರಸಿಗೆಯಲ್ಲಿ ಅಂಟಿದ ಕೂದಲಿನೊಂದಿಗೆ ಚರ್ಮವೂ ಮೇಲೆದ್ದು ಬಂದಿರುತ್ತದೆಂದೂ, ಕತ್ತರಿ ಹಾಕಿ ಚರ್ಮ ಸೀಳಿಕೊಂಡು ಬರುವ ನಾಯಿಗಳಿಗೆ ಹೊಲಿಗೆ ಹಾಕಬೇಕಾಗುತ್ತದೆಂದೂ ಹೇಳಿದರು. ಕೂದಲು ಹೋದಂತೆಲ್ಲ ಗಾಯ ಹಿಗ್ಗುತ್ತಾ ಹೋಯಿತು. ನಾನು ಅಂಗೈಯಗಲ ಎಂದುಕೊಂಡದ್ದು ಎರಡು ಅಂಗೈಯಷ್ಟಿತ್ತು. ಕೆಂಪು ಮುಗಿದು ಆರೋಗ್ಯವಾದ ಚರ್ಮ ಎಲ್ಲ ದಿಕ್ಕಿನಲ್ಲೂ ಬೆರಳಗಲ ಕಾಣುವವರೆಗೆ ಬೋಳಿಸಿದರು. ಆಮೇಲೆ ಅಂಚನ್ನು ದೀಪದ ಬೆಳಕಿನಲ್ಲಿ ಬಹಳ ಹೊತ್ತು ನೋಡಿದರು. ಗಾಯದಾಚೆಗೆ ಬಿಡಿಬಿಡಿಯಾಗಿ ಗುಳ್ಳೆಗಳಿದ್ದರೆ ಸೋಂಕು ಕೂದಲಿನ ಬುಡಕ್ಕೆ ಇಳಿದಿದೆ ಎಂದರ್ಥ, ಆಗ ಆಂಟಿಬಯಾಟಿಕ್ ಮಾತ್ರೆ ಬೇಕಾಗುತ್ತದೆ. ಗುಂಡನಿಗೆ ಅಂಥ ಗುಳ್ಳೆಗಳಿರಲಿಲ್ಲ. ಹಾಗಾಗಿ ನವೆ ಮತ್ತು ಊತ ಇಳಿಸಲು ಕೆಲವೇ ದಿನಗಳ ಪ್ರೆಡ್ನಿಸೋಲೋನ್ ಎಂಬ ಸ್ಟಿರಾಯ್ಡ್, ತೊಳೆಯಲು ಕ್ಲೋರ್‌ಹೆಕ್ಸಿಡಿನ್ ಎಂಬ ಸೋಂಕುನಿವಾರಕ ದ್ರಾವಣ, ಬಾಯಿ ಗಾಯಕ್ಕೆ ಎಟುಕದಂತೆ ಕೊರಳಿಗೆ ಕೋನ್ ಎಂಬ ಲಾಳಿಕೆಯಾಕಾರದ ಪಟ್ಟಿ, ಇಷ್ಟೇ ಚೀಟಿಯಲ್ಲಿ ಬರೆದರು.

ನೋವಿಗೆ ನಮ್ಮ ಮಾತ್ರೆ ಅರ್ಧ ಕೊಡಲೇ ಎಂದು ಕೇಳಿ ಬೈಸಿಕೊಂಡದ್ದನ್ನೂ ಇಲ್ಲಿ ಬರೆಯಬೇಕು. ಐಬುಪ್ರೊಫೆನ್ ನಾಯಿಯ ಹೊಟ್ಟೆಯಲ್ಲಿ ಹುಣ್ಣು ಮಾಡುತ್ತದೆ, ಮೂತ್ರಪಿಂಡವನ್ನು ಕೆಡಿಸುತ್ತದೆ. ಸ್ಟಿರಾಯ್ಡ್ ಜೊತೆಗೆ ಕೊಟ್ಟರೆ ಅಪಾಯ ಇನ್ನೂ ಹೆಚ್ಚು. ಹೈಡ್ರೋಜನ್ ಪೆರಾಕ್ಸೈಡ್ ಮತ್ತು ಸ್ಪಿರಿಟ್ ಕೂಡ ಬೇಡವೆಂದರು, ಏಕೆಂದರೆ ಅವು ಉರಿಸುವುದಲ್ಲದೆ ಹೊಸದಾಗಿ ಕೂಡಿಕೊಳ್ಳುತ್ತಿರುವ ಚರ್ಮವನ್ನೂ ಸುಡುತ್ತವೆ. ಟೀ ಟ್ರೀ ಎಣ್ಣೆ ನೈಸರ್ಗಿಕವೆಂಬ ಹೆಸರಿನಲ್ಲಿ ಮಾರಾಟವಾದರೂ ನಾಯಿಗಳಿಗೆ ವಿಷ.

ಮನೆಯಲ್ಲಿ ದಿನಕ್ಕೆ ಎರಡು ಸಲ ಮಾಡಿದ ಕೆಲಸ ಕೇಳಲು ಬಹಳ ಸರಳ. ವೈದ್ಯರು ಹೇಳಿದ ಪ್ರಮಾಣದಲ್ಲಿ ನೀರು ಬೆರೆಸಿದ ದ್ರಾವಣದಲ್ಲಿ ಗಾಜ್ ಬಟ್ಟೆಯನ್ನು ಅದ್ದಿ, ಗಾಯವನ್ನು ಉಜ್ಜದೆ ಅದರ ಮೇಲೆ ಐದು ನಿಮಿಷ ಹಾಗೆಯೇ ಇಡುತ್ತಿದ್ದೆ. ಗಟ್ಟಿಯಾದ ಹಕ್ಕಳೆ ಇದ್ದಲ್ಲಿ ಅದನ್ನು ಕೀಳದೆ, ಕುದಿಸಿ ಆರಿಸಿದ 1 ಲೀಟರ್ ನೀರಿಗೆ 9 ಗ್ರಾಂ ಉಪ್ಪು ಹಾಕಿದ ಉಗುರುಬೆಚ್ಚಗಿನ ನೀರಿನಿಂದ ನೆನೆಸಿ, ತಾನಾಗಿ ಬಿಟ್ಟುಕೊಂಡದ್ದನ್ನಷ್ಟೇ ತೆಗೆಯುತ್ತಿದ್ದೆ. ಆಮೇಲೆ ಒಣ ಗಾಜ್ ಒತ್ತಿ ತೇವ ಹೀರಿಸಿ, ಫ್ಯಾನಿನ ಕೆಳಗೆ ಹತ್ತು ನಿಮಿಷ ಅವನ ಪಕ್ಕ ಕೂರುತ್ತಿದ್ದೆ. ಬ್ಯಾಂಡೇಜ್ ಕಟ್ಟಲಿಲ್ಲ; ಈ ಗಾಯಕ್ಕೆ ಬೇಕಾದದ್ದು ಗಾಳಿ. ಮೊದಲ ಎರಡು ದಿನ ಗಾಜ್ ಎತ್ತಿದಾಗಲೆಲ್ಲ ಅದರಲ್ಲಿ ಹಳದಿ ಕಲೆ ಇರುತ್ತಿತ್ತು. ಮೂರನೆಯ ದಿನ ಬೆಳಿಗ್ಗೆ ಬೆಳ್ಳಗೆ ಬಂದ ಗಾಜ್ ಬಟ್ಟೆಯನ್ನು ಅಮ್ಮನಿಗೂ ತೋರಿಸಿದೆ. ನೊಣ ಕೂರದಂತೆ ನೋಡಿಕೊಳ್ಳುವುದು ಮಾತ್ರ ದಿನವಿಡೀ ಬಿಡದ ಕೆಲಸವಾಗಿತ್ತು, ಒದ್ದೆ ಗಾಯದ ಮೇಲೆ ನೊಣ ಮೊಟ್ಟೆಯಿಟ್ಟರೆ ಹುಳುವಾಗಲು ಒಂದು ದಿನವೂ ಬೇಡ. ದಿನಕ್ಕೊಮ್ಮೆ ಜ್ವರವನ್ನೂ ನೋಡುತ್ತಿದ್ದೆ: ನಾಯಿಯ ಮೈ ಬಿಸಿ ಸಹಜವಾಗಿಯೇ 38.3ರಿಂದ 39.2 ಡಿಗ್ರಿ ಸೆಲ್ಸಿಯಸ್ ಇರುತ್ತದೆ. ಅದನ್ನು ಮೀರಿ ಮಂಕಾದರೆ, ಅಥವಾ ಚಿಕಿತ್ಸೆ ಶುರುವಾದ ಮೇಲೂ ಗಾಯದ ಅಂಚು ಮುಂದೆ ಸರಿದರೆ, ಕಾಯದೆ ಬರಬೇಕೆಂದು ವೈದ್ಯರು ಹೇಳಿದ್ದರು.

ನಿಜವಾಗಿ ಕಷ್ಟವಾದದ್ದು ಕೋನ್. ಗುಂಡ ಬಾಗಿಲ ಚೌಕಟ್ಟಿಗೆ ಢಿಕ್ಕಿ ಹೊಡೆಯುತ್ತಿದ್ದ, ನೀರಿನ ಬಟ್ಟಲನ್ನು ಮಗುಚುತ್ತಿದ್ದ, ಮೂಲೆಯಲ್ಲಿ ಗೋಡೆಗೆ ಮುಖ ಮಾಡಿ ನಿಂತುಬಿಡುತ್ತಿದ್ದ. ಸ್ಟಿರಾಯ್ಡ್‌ನಿಂದಾಗಿ ಬಾಯಾರಿಕೆ, ಮೂತ್ರ, ಹಸಿವು ಮೂರೂ ಹೆಚ್ಚಾಗಿದ್ದ ನಾಯಿಗೆ ಬಟ್ಟಲು ಎಟುಕದಿರುವುದು ಸಣ್ಣ ಹಿಂಸೆಯಲ್ಲ. ಬಟ್ಟಲನ್ನು ಒಂದು ಮಣೆಯ ಮೇಲೆ ಎತ್ತರಿಸಿಟ್ಟ ಮೇಲೆ ಅದು ಸರಿಹೋಯಿತು. ಮೂರನೆಯ ರಾತ್ರಿ ಅಮ್ಮ, "ಪಾಪ ಕಣೋ, ಗಾಯ ಒಣಗಿದೆಯಲ್ಲ, ನಿದ್ದೆಯಾದರೂ ಮಾಡಲಿ, ತೆಗೆಯೋ" ಎಂದರು. ನನಗೂ ಹಾಗೆಯೇ ಅನ್ನಿಸಿತ್ತು, ತೆಗೆದೆ. ಅವನು ನಿದ್ದೆಹೋದದ್ದನ್ನು ನೋಡಿಕೊಂಡೇ ಸ್ನಾನಕ್ಕೆ ಹೋದೆ. ಇಪ್ಪತ್ತು ನಿಮಿಷದಲ್ಲಿ ಹೊರಬಂದಾಗ ಚಪ್‌ಚಪ್ ಎಂಬ ಸದ್ದು ನಡುಮನೆಯವರೆಗೂ ಕೇಳುತ್ತಿತ್ತು. ಹಕ್ಕಳೆಯೆಲ್ಲ ಹೋಗಿ ಗಾಯ ಮೊದಲ ದಿನದ ಕೆಂಪಿಗೆ ಮರಳಿತ್ತು. ನಾಯಿಯ ಎಂಜಲು ಗಾಯಕ್ಕೆ ಔಷಧಿ ಎಂದು ಯಾರಾದರೂ ಹೇಳಿದರೆ ನನಗೆ ಆ ಸದ್ದೇ ನೆನಪಾಗುತ್ತದೆ. ಆ ಮೇಲೆ ಒಂಬತ್ತನೆಯ ದಿನದವರೆಗೆ, ನಾನು ಕಣ್ಣೆದುರು ಕುಳಿತು ಊಟ ಹಾಕುವ ಹೊತ್ತನ್ನು ಬಿಟ್ಟರೆ, ಕೋನ್ ಕೊರಳಿನಿಂದ ಇಳಿಯಲಿಲ್ಲ. ಕೊಳ್ಳುವಾಗ ನೋಡಬೇಕಾದದ್ದು ಒಂದೇ: ಅದರ ಅಂಚು ಮೂಗಿನ ತುದಿಯನ್ನು ದಾಟಿ ಮುಂದಿರಬೇಕು. ಕೋನ್ ಬದಲು ಕೊರಳಿಗೆ ಹಾಕುವ ಗಾಳಿ ತುಂಬಿದ ಮೆತ್ತಗಿನ ಬಳೆ ನೋಡಲು ಚಂದ, ಆದರೆ ಸೊಂಟದ ಗಾಯಕ್ಕೆ ಅದರಿಂದ ಉಪಯೋಗವಿಲ್ಲ. ಗುಂಡ ಅದನ್ನು ಧರಿಸಿಕೊಂಡೇ ಬಾಲವನ್ನು ಮುಟ್ಟಿದ.

ಇಷ್ಟಾದರೂ ನವೆ ಏಕೆ ಹುಟ್ಟಿತೆಂಬ ಪ್ರಶ್ನೆ ಉಳಿದಿತ್ತು. ಕೆನ್ನೆಯ ಮೇಲೆ ಹಾಟ್‌ಸ್ಪಾಟ್ ಆದರೆ ಕಿವಿಯ ಸೋಂಕನ್ನೂ, ಬಾಲದ ಹತ್ತಿರ ಆದರೆ ಚಿಗಟ ಮತ್ತು ಗುದಗ್ರಂಥಿಗಳನ್ನೂ ಮೊದಲು ಅನುಮಾನಿಸುತ್ತಾರೆ. ಗ್ರಂಥಿಗಳು ಸರಿಯಾಗಿದ್ದವು. ಚಿಗಟವೇ ಎಂದು ಕೇಳಿದಾಗ, "ನಮ್ಮ ಮನೆಯಲ್ಲಿ ಚಿಗಟವೇ ಇಲ್ಲ ಡಾಕ್ಟರೇ" ಎಂದು ನಾನು ತುಸು ಬಿಗುಮಾನದಿಂದಲೇ ಹೇಳಿದ್ದೆ. ಅವರು ವಾದಿಸಲಿಲ್ಲ. ಸಣ್ಣ ಹಲ್ಲಿನ ಬಾಚಣಿಗೆಯಿಂದ ಗುಂಡನ ಸೊಂಟವನ್ನು ನಾಲ್ಕು ಸಲ ಬಾಚಿ, ಬಂದ ಕರಿಯ ಹರಳುಗಳನ್ನು ಬಿಳಿ ಕಾಗದದ ಮೇಲೆ ಉದುರಿಸಿ, ಎರಡು ಹನಿ ನೀರು ಹಾಕಿದರು. ಮಣ್ಣಾಗಿದ್ದರೆ ಕರಿಯದಾಗಿಯೇ ಉಳಿಯಬೇಕಿತ್ತು. ಒಂದೊಂದು ಹರಳಿನ ಸುತ್ತಲೂ ತುಕ್ಕಿನ ಬಣ್ಣದ ವರ್ತುಲ ಮೆಲ್ಲನೆ ಹರಡಿತು, ಅದು ಚಿಗಟ ಕುಡಿದು ವಿಸರ್ಜಿಸಿದ ಗುಂಡನದೇ ರಕ್ತ. ಚಿಗಟದ ಎಂಜಲಿಗೆ ಅಲರ್ಜಿ ಇರುವ ನಾಯಿಗೆ ಒಂದೆರಡು ಕಡಿತ ಸಾಕು, ಕಡಿದ ಚಿಗಟವನ್ನು ನಾಯಿಯೇ ಕಚ್ಚಿ ನುಂಗಿಬಿಡುವುದರಿಂದ ಮೈಮೇಲೆ ಹುಡುಕಿದರೆ ಒಂದೂ ಕಾಣದಿರಬಹುದು. ಗಾಯಕ್ಕೆ ಮೂರು ದಿನ ಮುಂಚೆ ಸ್ನಾನ ಮಾಡಿಸಿ, ಮೇಲ್ಗೂದಲು ಒಣಗಿದ್ದನ್ನು ನೋಡಿ ಒಳಗೂದಲನ್ನು ಒದ್ದೆಯಾಗಿಯೇ ಬಿಟ್ಟಿದ್ದೆ, ಅದೂ ಸೇರಿಕೊಂಡಿರಬೇಕು.

ಚಿಗಟವನ್ನು ನಾಯಿಯ ಮೈಯಿಂದ ತೆಗೆದರೆ ಕೆಲಸ ಮುಗಿಯುವುದಿಲ್ಲ. ಮೊಟ್ಟೆಗಳು ಕೂದಲಿನಿಂದ ಜಾರಿ ಹಾಸಿಗೆಗೆ, ನೆಲದ ಸಂದಿಗೆ ಬೀಳುತ್ತವೆ. ಅವುಗಳಿಂದ ಹೊರಬಂದ ಮರಿಹುಳುಗಳು ಗೂಡುಕಟ್ಟಿ ಕೋಶವಾದ ಮೇಲೆ ಔಷಧಿಯೂ ಅಷ್ಟಾಗಿ ತಾಗದೆ ಅವು ತಿಂಗಳುಗಟ್ಟಲೆ ಕಾದು ಕುಳಿತಿರಬಲ್ಲವು. ಗುಂಡನ ಹೊದಿಕೆಗಳನ್ನು ವಾರಕ್ಕೊಮ್ಮೆ 60 ಡಿಗ್ರಿ ಬಿಸಿನೀರಿನಲ್ಲಿ ಒಗೆದೆವು, ಸೋಫಾದ ಸಂದುಗಳಿಗೆ ವ್ಯಾಕ್ಯೂಮ್ ಹಾಕಿದೆವು, ವೈದ್ಯರು ಕೊಟ್ಟ ಚಿಗಟದ ಔಷಧಿಯನ್ನು ಒಂದೇ ತಿಂಗಳಿಗೆ ನಿಲ್ಲಿಸಿಬಿಡದೆ ಆಮೇಲೂ ಮುಂದುವರಿಸಿದೆವು. ಮನೆಯ ಬೆಕ್ಕಿಗೂ ಚಿಕಿತ್ಸೆ ಆಗಬೇಕಿತ್ತು, ಆದರೆ ಅದಕ್ಕೆ ಬೇರೆಯದೇ ಔಷಧಿ. ನಾಯಿಗೆಂದು ಮಾಡಿದ ಪರ್ಮೆಥ್ರಿನ್ ಔಷಧಿಗಳು ಬೆಕ್ಕಿನ ಪ್ರಾಣವನ್ನೇ ತೆಗೆಯಬಲ್ಲವು.

ಬೋಳಾದ ಜಾಗದಲ್ಲಿ ಕೂದಲು ತುಂಬಲು ಎರಡು ತಿಂಗಳಿಗೂ ಹೆಚ್ಚು ಬೇಕಾಯಿತು. ಹೊಸ ಕೂದಲಿನ ಬಣ್ಣ ಹಳೆಯದಕ್ಕಿಂತ ಒಂದು ಛಾಯೆ ಗಾಢವಾಗಿದೆ. ಭಾನುವಾರ ಬೆಳಿಗ್ಗೆ ನಾನು ಬಾಚಣಿಗೆ, ಬಿಳಿ ಕಾಗದ, ನೀರಿನ ಲೋಟ ಹಿಡಿದು ಕುಳಿತರೆ ಗುಂಡ ತಾನಾಗಿಯೇ ಬಂದು ಸೊಂಟ ತಿರುಗಿಸಿ ನಿಲ್ಲುತ್ತಾನೆ. ಕೋನ್ ಇಟ್ಟಿರುವ ಕಪಾಟಿನ ಬಾಗಿಲು ತೆರೆದರೆ ಮಾತ್ರ ಮಂಚದ ಕೆಳಗೆ ಸೇರಿಕೊಳ್ಳುತ್ತಾನೆ.