ಮಂಗಳೂರಿನಲ್ಲಿ ನೆಲೆಸಿದವರು 371ಜೆ ಸರ್ಟಿಫಿಕೇಟ್ ಮಾಡಿಸಿಕೊಳ್ಳುವುದು ಹೇಗೆ?

ನಿಮ್ಮ ಮೂಲ ಊರು ರಾಯಚೂರೋ ಕೊಪ್ಪಳವೋ ಆಗಿದ್ದು, ಈಗ ಮಂಗಳೂರು-ಉಡುಪಿ ಕಡೆ ದುಡಿಯುತ್ತಾ ಮಕ್ಕಳನ್ನು ಇಲ್ಲೇ ಓದಿಸುತ್ತಿದ್ದರೆ ಇದನ್ನು ಪೂರ್ತಿ ಓದಿ. 371ಜೆ ಅಂದರೆ ಹೈದರಾಬಾದ್-ಕರ್ನಾಟಕ (ಈಗಿನ ಕಲ್ಯಾಣ ಕರ್ನಾಟಕ) ಭಾಗದವರಿಗೆ ಕಾಲೇಜು ಸೀಟು, ಸರ್ಕಾರಿ ಕೆಲಸದಲ್ಲಿ ಮೀಸಲಾತಿಗೆ ಅವಕಾಶ ಕೊಡುವ ಸಂವಿಧಾನದ ವಿಧಿ. ಊರು ಬಿಟ್ಟು ಬಂದ ಮೇಲೆ 371ಜೆ ನಮಗೆಲ್ಲಿ ಸಿಗುತ್ತದೆ ಅಂತ ಸುಮ್ನೆ ಕೂತವರನ್ನು ನಾನು ನೋಡಿದ್ದೇನೆ. ಹಾಗೇನಿಲ್ಲ. ಆ ಭಾಗಕ್ಕೆ ಹುಟ್ಟಿನಿಂದ ಅಥವಾ ವಾಸದಿಂದ ಸೇರಿದವರಿಗೆ ಅಂತಲೇ ಸಂವಿಧಾನದಲ್ಲಿದೆ.

ಮೊದಲು ಜಿಲ್ಲೆ ನೋಡಿಕೊಳ್ಳಿ. ಬೀದರ್, ಕಲಬುರಗಿ, ಯಾದಗಿರಿ, ರಾಯಚೂರು, ಕೊಪ್ಪಳ, ಬಳ್ಳಾರಿ, ಮತ್ತೆ 2021ರಲ್ಲಿ ಬಳ್ಳಾರಿಯಿಂದ ಬೇರೆಯಾದ ವಿಜಯನಗರ. ಇಷ್ಟೇ. ಬಾಗಲಕೋಟೆ, ವಿಜಯಪುರ, ಗದಗದವರಿಗೆ ಇದು ಅನ್ವಯಿಸುವುದಿಲ್ಲ. ನಿಜಾಮರ ಆಳ್ವಿಕೆ ಇತ್ತಾ ಇಲ್ವಾ ಅಂತ ಲೆಕ್ಕ ಹಾಕಬೇಡಿ. ಬಳ್ಳಾರಿ 1953ರವರೆಗೆ ನಮ್ಮ ದಕ್ಷಿಣ ಕನ್ನಡದ ಹಾಗೆ ಮದರಾಸಿಗೆ ಸೇರಿತ್ತು, ಆದರೂ ಪಟ್ಟಿಯಲ್ಲಿದೆ.

ಸಿಗುವುದು ಏನು? 2013ರ ಆದೇಶಗಳ ಪ್ರಕಾರ ಆ ಭಾಗದ ಕಾಲೇಜುಗಳಲ್ಲಿ 70% ಸೀಟು, ರಾಜ್ಯದ ಉಳಿದ ಕಡೆ 8%. ಕೆಲಸದಲ್ಲಿ ಅಲ್ಲಿನ ಗ್ರೂಪ್ ಎ ಮತ್ತು ಬಿ ಹುದ್ದೆಗೆ 75%, ಸಿ ಗೆ 80%, ಡಿ ಗೆ 85%. ರಾಜ್ಯ ಮಟ್ಟದ ಕಚೇರಿಗಳಲ್ಲಿ 8%. ನೇಮಕಾತಿ ಅಧಿಸೂಚನೆಯಲ್ಲಿ ಎಚ್‌ಕೆ (ಹೈದರಾಬಾದ್-ಕರ್ನಾಟಕ) ಅಂತ ಇದ್ದರೆ ಅದು ನಿಮ್ಮದು, ಆರ್‌ಪಿಸಿ ಅಂದರೆ ಉಳಿಕೆ ಮೂಲ ವೃಂದ, ಅಂದರೆ ಅದು ಬಿಟ್ಟು ಉಳಿದ ಹುದ್ದೆಗಳು. ಇದೆಲ್ಲ ರಾಜ್ಯ ಸರ್ಕಾರದ ಸೀಟು, ಹುದ್ದೆಗಳಿಗೆ ಮಾತ್ರ. ಸುರತ್ಕಲ್‌ನ ಎನ್‌ಐಟಿಕೆಗೆ ಇದು ನಡೆಯುವುದಿಲ್ಲ, ಅದು ಕೇಂದ್ರದ್ದು.

ಈಗ ಸರ್ಟಿಫಿಕೇಟ್. ಜಾಸ್ತಿ ಜನ ಎಡವುವುದು ಇಲ್ಲೇ. ಇದಕ್ಕೆ ಸಹಿ ಹಾಕುವವರು ನಿಮ್ಮ ಮೂಲ ಊರಿನ ಉಪವಿಭಾಗದ ಸಹಾಯಕ ಆಯುಕ್ತರು, ಮಂಗಳೂರಿನವರಲ್ಲ. ಜಿಲ್ಲಾ ಕೇಂದ್ರಕ್ಕೇ ಹೋಗಬೇಕು ಅಂತಲೂ ಇಲ್ಲ. ಸಿಂಧನೂರಿನವರಿಗೆ ಅದು ಲಿಂಗಸುಗೂರು. ನಮ್ಮ ಪಕ್ಕದ ಮನೆಯಲ್ಲಿ ಬಾಡಿಗೆಗಿದ್ದ ಅಕ್ಕ ಇದು ಗೊತ್ತಿಲ್ಲದೆ ಇಲ್ಲಿ ಎರಡು ಕಚೇರಿ ಸುತ್ತಿ, ಆಮೇಲೆ ಬಿಜೈಯಿಂದ ರಾತ್ರಿ ಬಸ್ ಹತ್ತಿ ಊರಿಗೆ ಹೋದರು, ಅಷ್ಟರಲ್ಲಿ ಮಗಳ ಸಿಇಟಿ ಅರ್ಜಿಯ ದಿನ ಮುಗಿದಿತ್ತು. ಆ ಹುಡುಗಿಯ ಮುಖ ನನಗೆ ಇನ್ನೂ ನೆನಪಿದೆ. ಅದಕ್ಕೇ ಹೇಳುತ್ತಿದ್ದೇನೆ, ಪಿಯುಸಿ ಮೊದಲ ವರ್ಷದ ದಸರಾ ರಜೆಯಲ್ಲೋ, ಊರಿನ ಜಾತ್ರೆಗೆ ಹೋದಾಗಲೋ ಈ ಕೆಲಸ ಮುಗಿಸಿಕೊಂಡು ಬನ್ನಿ.

ಜೊತೆಗೆ ಜನನ ಪ್ರಮಾಣಪತ್ರ, ಶಾಲೆಯ ವ್ಯಾಸಂಗ ಪ್ರಮಾಣಪತ್ರ, ಆಧಾರ್, ರೇಷನ್ ಕಾರ್ಡ್, ಹೊಲ ಇದ್ದರೆ ಪಹಣಿ ಒಯ್ಯಿರಿ. ಮಗು ಹುಟ್ಟಿದ್ದು ಮಂಗಳೂರಿನಲ್ಲಾದರೆ ಅಪ್ಪ-ಅಮ್ಮನ ಶಾಲಾ ದಾಖಲೆಯನ್ನೂ ಹಿಡಿದುಕೊಂಡು ಹೋಗಿ, ಇನ್ನೇನು ಬೇಕು ಅಂತ ಮೊದಲ ದಿನವೇ ಕೇಳಿಬಿಡಿ. ಊರಲ್ಲಿರುವ ಅಣ್ಣತಮ್ಮಂದಿರಿಂದ ಮೊದಲೇ ನಾಡಕಚೇರಿಯಲ್ಲಿ ವಿಚಾರಿಸಿದರೆ ಒಂದು ಓಡಾಟ ಉಳಿಯುತ್ತದೆ.

ಇದು ಜಾತಿ ಮೀಸಲಾತಿ ಅಲ್ಲ. ಜಾತಿ, ಆದಾಯ ಪ್ರಮಾಣಪತ್ರ ಬೇರೆಯೇ ಬೇಕು. ಅರ್ಜಿ ತುಂಬುವಾಗ 371ಜೆ ಕೇಳಿದ ಕಡೆ ‘ಹೌದು’ ಅಂತ ಹಾಕಲು ಮರೆಯಬೇಡಿ, ಮತ್ತೆ ಸರ್ಟಿಫಿಕೇಟ್‌ನಲ್ಲಿರುವ ಹೆಸರು ಎಸ್‌ಎಸ್‌ಎಲ್‌ಸಿ ಅಂಕಪಟ್ಟಿಯ ಹೆಸರಿಗೆ ಸರಿಹೊಂದುತ್ತದಾ ಅಂತ ಕಚೇರಿಯಿಂದ ಹೊರಗೆ ಬರುವ ಮುಂಚೆಯೇ ಒಂದೊಂದು ಅಕ್ಷರ ನೋಡಿಕೊಳ್ಳಿ.